ಬೀಳುವ ಮೊದಲಿನ ಹತ್ತು ನಿಮಿಷ

(ಥೀಮ್ ಪಾರ್ಕುಗಳ ನೀರಿನ ಸವಾರಿ ಕುರಿತು ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಫ್ಯಾಬ್ರಿಕೇಶನ್ ಶೆಡ್ಡಿನವರು ಮತ್ತು ಶಿಲ್ಪ ಕಲಾವಿದರ ಎದುರು ಆಡಿದ ಮಾತಿನ ಬರಹ ರೂಪ. ಆಡುಮಾತಿನ ಧಾಟಿಯನ್ನು ಅಲ್ಲಲ್ಲಿ ಹಾಗೇ ಬಿಟ್ಟಿದೆ.)

2023ರ ಜನವರಿಯಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಒಂದು ವಿಚಿತ್ರ ವ್ಯಾಪಾರ ನಡೆಯಿತು. ಡಿಸ್ನಿ ವರ್ಲ್ಡ್‌ನ ಸ್ಪ್ಲ್ಯಾಶ್ ಮೌಂಟನ್ ಎಂಬ ನೀರಿನ ಸವಾರಿ ಆ ತಿಂಗಳು ಬಾಗಿಲು ಹಾಕಿತು. ಅದರ ಕಾಲುವೆಯ ನೀರನ್ನೇ ಬಾಟಲಿಗೆ ತುಂಬಿಕೊಂಡು ಬಂದು ಆನ್‌ಲೈನಿನಲ್ಲಿ ಮಾರಾಟಕ್ಕಿಟ್ಟರು. ಗಂಗಾಜಲವಲ್ಲ ನೋಡ್ರಿ, ಔಷಧ ಹಾಕಿ ಸೋಸಿದ ಪಂಪಿನ ನೀರು!

ಮರುವರ್ಷ, 2024ರಲ್ಲಿ, ಅದೇ ಕಾಲುವೆ, ಅದೇ ಇಳಿಜಾರು ಉಳಿಸಿಕೊಂಡು, ಒಳಗಿನ ಬೊಂಬೆ, ಹಾಡು, ಕಥೆ ಬದಲಿಸಿ ಟಿಯಾನಾಸ್ ಬಯೂ ಅಡ್ವೆಂಚರ್ ಎಂಬ ಹೆಸರಿನಲ್ಲಿ ಮತ್ತೆ ತೆರೆದರು. ಬೀಳುವ ಎತ್ತರ ಬದಲಾಗಲಿಲ್ಲ. ಆದರೂ ಅಭಿಮಾನಿಗಳ ಪಾಲಿಗೆ ಇದು ಬೇರೆಯೇ ಸವಾರಿ. ಸವಾರಿಯನ್ನು ನೆನಪಿನಲ್ಲಿ ಉಳಿಸುವುದು ಬೀಳುವುದಲ್ಲ, ಸುತ್ತಲಿನ ದೃಶ್ಯ ಮತ್ತು ಕಥೆ ಎಂಬ ಇಂದಿನ ಮಾತಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಲೆಕ್ಕ ಮಾಡಿ ನೋಡೋಣ. ಆ ಕೊನೆಯ ಇಳಿಜಾರು ಸುಮಾರು 52 ಅಡಿ, ಅಂದರೆ 16 ಮೀಟರ್. ಓರೆ 45 ಡಿಗ್ರಿಯ ಆಸುಪಾಸು. ಘರ್ಷಣೆ ಬಿಟ್ಟು ಲೆಕ್ಕ ಹಾಕಿದರೆ ತಳ ಮುಟ್ಟುವಾಗ ದೋಣಿಯ ವೇಗ ಗಂಟೆಗೆ 64 ಕಿ.ಮೀ., ಮೇಲಿಂದ ಕೆಳಗೆ ಬರಲು ಹಿಡಿಯುವ ಸಮಯ ಎರಡೂವರೆ ಸೆಕೆಂಡು. ಇಡೀ ಸವಾರಿ ಸುಮಾರು ಹತ್ತು ನಿಮಿಷದ್ದು. ಎರಡೂವರೆ ಸೆಕೆಂಡಿನ ಬೀಳುವಿಕೆ ಯಾವ ವಾಟರ್ ಪಾರ್ಕಿನ ಜಾರುಬಂಡೆಯಲ್ಲೂ ಸಿಗುತ್ತದೆ. ಜನ ಬಾಟಲಿಯಲ್ಲಿ ತುಂಬಿಟ್ಟುಕೊಂಡದ್ದು ಉಳಿದ ಹತ್ತು ನಿಮಿಷವನ್ನು.

ಶ್ರಾವಣದಲ್ಲಿ ನಮ್ಮ ಸಿದ್ಧಾರೂಢ ಮಠದ ಕೆರೆಯಲ್ಲಿ ತೆಪ್ಪದ ತೇರು ಎಳೆಯುವುದನ್ನು ನೀವೆಲ್ಲ ನೋಡಿದ್ದೀರಿ. ತೆಪ್ಪಕ್ಕೆ ವೇಗವೇ ಇಲ್ಲ. ಕೆರೆಯ ಸುತ್ತ ಜನ ಕಿಕ್ಕಿರಿದು ನಿಂತಿರುತ್ತಾರೆ, ದೀಪ ನೀರಿನಲ್ಲಿ ಎರಡಾಗಿ ಕಾಣುತ್ತದೆ, ತೇರು ಯಾವಾಗ ನಮ್ಮ ದಂಡೆಗೆ ಬಂದೀತು ಎಂದು ಕಣ್ಣು ಕಾಯುತ್ತದೆ. ನೀರು, ಬೆಳಕು, ಕಾಯುವಿಕೆ ಈ ಮೂರನ್ನೇ ಕಟ್ಟಡದೊಳಗೆ ತಂದು, ನೋಡುವವರನ್ನು ದಂಡೆಯಿಂದ ಎತ್ತಿ ತೆಪ್ಪದ ಮೇಲೆ ಕೂರಿಸಿದರೆ ಥೀಮ್ ಇರುವ ದೋಣಿ ಸವಾರಿ ಆಗುತ್ತದೆ.

ಇತಿಹಾಸವನ್ನು ಬೇಗ ಮುಗಿಸಿಬಿಡುತ್ತೇನೆ. ಚಪ್ಪಟೆ ದೋಣಿಯನ್ನು ಇಳಿಜಾರಿನಿಂದ ಕೊಳಕ್ಕೆ ಜಾರಿಸುವ ಆಟ 1884ರಲ್ಲಿ ಇಲಿನಾಯ್‌ನ ರಾಕ್ ಐಲ್ಯಾಂಡಿನಲ್ಲಿ ಶುರುವಾಯಿತು. ಪಾಲ್ ಬಾಯ್ಟನ್ 1895ರಲ್ಲಿ ಅದನ್ನು ನ್ಯೂಯಾರ್ಕಿನ ಕೋನಿ ಐಲ್ಯಾಂಡಿಗೆ ತಂದ. ಮರದ ದಿಮ್ಮಿಯಂಥ ದೋಣಿ ಎತ್ತರದ ಕಾಲುವೆಯಲ್ಲಿ ತೇಲಿಬಂದು ಬೀಳುವ ಸವಾರಿಯನ್ನು ಆರೋ ಡೆವಲಪ್‌ಮೆಂಟ್ ಕಂಪನಿ 1963ರಲ್ಲಿ ಟೆಕ್ಸಾಸಿನಲ್ಲಿ ಕಟ್ಟಿತು. ಕಾಲುವೆ, ದೋಣಿಯನ್ನು ಮೇಲಕ್ಕೆತ್ತುವ ಬೆಲ್ಟು, ಪಂಪು ಎಲ್ಲ ಅಲ್ಲಿಗೇ ಪಕ್ಕಾ ಆದವು. ಆಮೇಲಿನ ದೊಡ್ಡ ಹೆಜ್ಜೆಗಳೆಲ್ಲ ದೃಶ್ಯದಲ್ಲಿ.

ಅದರಲ್ಲಿ ಮೊದಲ ಹೆಸರು ಪೈರೇಟ್ಸ್ ಆಫ್ ದಿ ಕೆರಿಬಿಯನ್, ಕಡಲ್ಗಳ್ಳರ ಕಥೆಯ ದೋಣಿ ಸವಾರಿ. ಡಿಸ್ನಿಲ್ಯಾಂಡಿನಲ್ಲಿ ತೆರೆದದ್ದು 1967ರ ಮಾರ್ಚ್ 18ರಂದು, ವಾಲ್ಟ್ ಡಿಸ್ನಿ ತೀರಿಕೊಂಡ ಮೂರು ತಿಂಗಳಿಗೆ. ಮೊದಲು ಅದನ್ನು ನಡೆದುಕೊಂಡು ನೋಡುವ ಮೇಣದ ಬೊಂಬೆಗಳ ಪ್ರದರ್ಶನವೆಂದು ಯೋಚಿಸಿದ್ದರು. 1964-65ರ ನ್ಯೂಯಾರ್ಕ್ ವಿಶ್ವಮೇಳದಲ್ಲಿ ದೋಣಿ ಸವಾರಿ ಜನರನ್ನು ಸರಸರನೆ ಸಾಗಿಸಿದ್ದನ್ನು ಕಂಡ ಮೇಲೆ ಇಲ್ಲೂ ದೋಣಿ ಬಂತು. ಸಾಗಿಸುವ ಲೆಕ್ಕ ಹೀಗೆ: ದೋಣಿಗೆ 20 ಮಂದಿ, 20 ಸೆಕೆಂಡಿಗೊಂದು ದೋಣಿ ಬಿಟ್ಟರೆ ಗಂಟೆಗೆ 180 ದೋಣಿ, 3,600 ಜನ. 8 ಮಂದಿಯ ದಿಮ್ಮಿ ದೋಣಿಯನ್ನು ಅರ್ಧ ನಿಮಿಷಕ್ಕೊಂದು ಬಿಟ್ಟರೆ ಗಂಟೆಗೆ 960 ಅಷ್ಟೆ. ಇದು ಬರೀ ಗಲ್ಲಾಪೆಟ್ಟಿಗೆಯ ವಿಷಯವಲ್ಲ. ಬಿಸಿಲಲ್ಲಿ ಎರಡು ತಾಸು ಸಾಲಿನಲ್ಲಿ ನಿಂತವನಿಗೆ ಸವಾರಿ ಎಷ್ಟು ಚೆಂದ ಇದ್ದರೂ ಆ ಸಾಲೇ ನೆನಪು.

ಪೈರೇಟ್ಸ್ ಸವಾರಿಯಲ್ಲಿ ದೋಣಿ ಎರಡು ಸಲ ಕೆಳಕ್ಕೆ ಜಾರುತ್ತದೆ. ಜಾರುವುದಕ್ಕೆ ನಿಜವಾದ ಕಾರಣ ರೈಲು. ಪಾರ್ಕಿನ ಸುತ್ತ ರೈಲಿನ ಏರಿ ಇದೆ, ದೃಶ್ಯಗಳ ದೊಡ್ಡ ಕಟ್ಟಡ ಆ ಏರಿಯ ಆಚೆಗಿದೆ. ದೋಣಿ ಹಳಿಯ ಕೆಳಗೆ ತೂರಿ ಹೋಗದೆ ಗತಿಯಿಲ್ಲ. (ಹುಬ್ಬಳ್ಳಿಯವರಿಗೆ ಇದು ಹೊಸದಲ್ಲ. ಮಳೆಗಾಲದಲ್ಲಿ ನಮ್ಮ ರೈಲ್ವೆ ಅಂಡರ್‌ಪಾಸಿನಲ್ಲೂ ದೋಣಿ ಬಿಡಬಹುದು.) ಆ ಕಟ್ಟಡದ ಒತ್ತಾಯವನ್ನು ಅವರು ಕಥೆಯೊಳಗೆ ಹೇಗೆ ಹೊಲಿದರು ಅನ್ನುವುದೇ ಕಸುಬು. ದೋಣಿ ಹತ್ತಿದ ಕೂಡಲೇ ನಿಮ್ಮೆದುರು ನಟ್ಟಿರುಳ ಜವುಗು ಹೊಳೆ. ಮಿಂಚುಹುಳ, ಕಪ್ಪೆಯ ಸದ್ದು, ಗುಡಿಸಲ ಮುಂದೆ ತೂಗುಕುರ್ಚಿಯಲ್ಲಿ ಒಬ್ಬ ಮುದುಕ. ಮಿಂಚುಹುಳವೆಂದರೆ ತೆಳು ತಂತಿಯ ತುದಿಗೆ ಪುಟ್ಟ ಬಲ್ಬು, ಅದನ್ನು ಅಲ್ಲಾಡಿಸಲು ಒಂದು ಫ್ಯಾನು, ಅಷ್ಟೇ. ಅಲ್ಲಿ ಏನೂ ನಡೆಯುವುದಿಲ್ಲ. ಏನೂ ನಡೆಯದೆ ಇರುವುದಕ್ಕಾಗಿಯೇ ಆ ಜಾಗ ಕಟ್ಟಿದ್ದು. ಹೊರಗಿನ ಬಿಸಿಲಿಗೆ ಕುಗ್ಗಿದ ಕಣ್ಣು ಕತ್ತಲೆಗೆ ಒಗ್ಗಲು ಹಲವು ನಿಮಿಷ ಬೇಕು. ಆ ಸಮಯವನ್ನು ಕೊಡದೆ ನೇರ ಮೊದಲ ದೃಶ್ಯಕ್ಕೆ ದೋಣಿ ನುಗ್ಗಿಸಿದರೆ ಬೊಂಬೆಗೆ ಖರ್ಚು ಮಾಡಿದ ಹಣ ಕತ್ತಲಲ್ಲಿ ಹೋದಂತೆ. ಆಮೇಲೆ ಕಮಾನಿನ ಮೇಲೊಂದು ತಲೆಬುರುಡೆ ಎಚ್ಚರಿಕೆ ನುಡಿಯುತ್ತದೆ, ದೋಣಿ ಜಾರುತ್ತದೆ.

ಬೀಳುವುದಕ್ಕೆ ಕಾರಣ ಇರಬೇಕು. 1996ರಲ್ಲಿ ಹಾಲಿವುಡ್‌ನ ಯೂನಿವರ್ಸಲ್ ಸ್ಟುಡಿಯೋಸ್ ತೆರೆದ ಜುರಾಸಿಕ್ ಪಾರ್ಕ್ ಸವಾರಿಯಲ್ಲಿ ಟಿರಾನೋಸಾರಸ್ ಬಾಯಿ ತೆರೆದು ಮೈಮೇಲೆ ಬರುವಾಗ ದೋಣಿ 84 ಅಡಿ ಕೆಳಗೆ ಧುಮುಕುತ್ತಿತ್ತು (2018ರಲ್ಲಿ ಆ ಸವಾರಿ ಮುಚ್ಚಿತು). ಅಲ್ಲಿ ಬೀಳುವುದೆಂದರೆ ತಪ್ಪಿಸಿಕೊಳ್ಳುವುದಾಗಿತ್ತು. ನಮ್ಮ ಕಡೆಯಿಂದ ಪುಣೆ ದಾರಿ ಹಿಡಿದರೆ ಸಿಗುವ ಖೋಪೋಲಿಯ ಇಮ್ಯಾಜಿಕಾ ಪಾರ್ಕಿನಲ್ಲಿ ರಾಜಾಸಾರಸ್ ರಿವರ್ ಅಡ್ವೆಂಚರ್ ಇದೆ. ನರ್ಮದಾ ಕಣಿವೆಯಲ್ಲಿ ಸಿಕ್ಕ ಮೂಳೆಗಳಿಂದ 2003ರಲ್ಲಿ ಹೆಸರು ಪಡೆದ, ಈ ನೆಲದ್ದೇ ಡೈನೋಸಾರ್ ಅದು. ಹೊರಗಿನ ಪ್ರಾಣಿಯನ್ನು ಎರವಲು ತರದೆ ಇಲ್ಲಿನದನ್ನೇ ಆರಿಸಿದ್ದು ಮೆಚ್ಚಬೇಕಾದ ಮಾತು.

ಈಗ ಶಿಲ್ಪಿಗಳಿಗೆ ಹೇಳಬೇಕಾದದ್ದು. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್ ನಿಮಗೆಲ್ಲ ಗೊತ್ತು. ಊರಿನ ಬದುಕನ್ನು ಆಳೆತ್ತರದ ಸಿಮೆಂಟ್ ಶಿಲ್ಪಗಳಲ್ಲಿ ತೋರಿಸಿದ ಆ ಕೈಚಳಕ ಈ ಭಾಗದಲ್ಲಿ ಇದೆ ಎಂದಮೇಲೆ ಬೊಂಬೆಗಾಗಿ ದೂರ ಹೋಗಬೇಕಿಲ್ಲ. ಆದರೆ ಅಲ್ಲಿ ನೋಡುವವ ನಡೆಯುತ್ತಾನೆ, ಬೇಕೆನಿಸಿದಲ್ಲಿ ನಿಲ್ಲುತ್ತಾನೆ, ಸುತ್ತು ಹಾಕಿ ಹಿಂದಿನಿಂದಲೂ ನೋಡುತ್ತಾನೆ. ದೋಣಿಯಲ್ಲಿ ಕೂತವನಿಗೆ ಈ ಮೂರೂ ಇಲ್ಲ. ಕತ್ತಲ ಸವಾರಿಯಲ್ಲಿ ದೋಣಿಯ ವೇಗ ಸೆಕೆಂಡಿಗೆ 60 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. 12 ಮೀಟರ್ ಉದ್ದದ ದೃಶ್ಯ 20 ಸೆಕೆಂಡಿನಲ್ಲಿ ದಾಟುತ್ತದೆ. ಅದರಲ್ಲಿ ಒಂದು ಬೊಂಬೆಗೆ ಸಿಗುವುದು ಐದಾರು ಸೆಕೆಂಡು. ಅಷ್ಟರಲ್ಲಿ ಅದು ಯಾರು, ಏನು ಮಾಡುತ್ತಿದೆ, ಮುಂದೇನಾದೀತು ಎಂಬುದು ಒಂದೇ ನೋಟಕ್ಕೆ ತಿಳಿಯಬೇಕು. ಮುಖದ ಭಾವಕ್ಕಿಂತ ಮೈಯ ಒಟ್ಟು ಆಕಾರ ಮುಖ್ಯ. ಬೊಂಬೆಯ ಹಿಂದೆ ದೀಪ ಹಚ್ಚಿ, ಬರೀ ನೆರಳಿನಲ್ಲಿ ಅದು ಏನು ಮಾಡುತ್ತಿದೆ ಎಂದು ಗೊತ್ತಾಗುತ್ತದೋ ಇಲ್ಲವೋ ನೋಡಿ. ಗೊತ್ತಾಗದಿದ್ದರೆ ಭಂಗಿ ಬದಲಿಸಿ. ಬಣ್ಣ ಬಳಿದು ಸರಿಮಾಡಲು ಹೋಗಬೇಡಿ.

ಇನ್ನೊಂದು ಅಳತೆ. ದೋಣಿಯಲ್ಲಿ ಕೂತವನ ಕಣ್ಣು ನೀರಿನ ಮಟ್ಟದಿಂದ 80-90 ಸೆಂಟಿಮೀಟರ್ ಮೇಲೆ ಮಾತ್ರ ಇರುತ್ತದೆ. ವರ್ಕ್‌ಶಾಪಿನಲ್ಲಿ ನಿಂತು ನೋಡಿ ಒಪ್ಪಿಕೊಂಡ ಬೊಂಬೆ ಅಲ್ಲಿ ಹೋಗಿ ಕೂತರೆ ಗದ್ದದ ಕೆಳಭಾಗ, ಮೂಗಿನ ಹೊಳ್ಳೆಯೇ ಎದ್ದು ಕಾಣುತ್ತವೆ. ಮುಖವನ್ನು ತುಸು ಕೆಳಕ್ಕೆ ಬಾಗಿಸಬೇಕು. ಪರೀಕ್ಷೆ ಮಾಡುವಾಗ ಮಣೆಯ ಮೇಲೆ ಕೂತು ನೋಡಿ. ಇದಿಷ್ಟು ಮಾಡದೆ ಹಾಳಾದ ದೃಶ್ಯಗಳಿಗೆ ಲೆಕ್ಕವಿಲ್ಲ.

ಮಾತು, ಸಂಭಾಷಣೆಯಲ್ಲಿ ಆಗುವ ತಪ್ಪು ಇದಕ್ಕಿಂತ ದೊಡ್ಡದು. ನಾಟಕದಲ್ಲಿ ಎಲ್ಲರೂ ಒಂದೇ ಹೊತ್ತಿಗೆ ಮೊದಲಿಂದ ಕೇಳುತ್ತಾರೆ. ಇಲ್ಲಿ 20 ಸೆಕೆಂಡಿಗೊಂದು ದೋಣಿ ಬರುತ್ತದೆ. 24 ಮೀಟರ್ ದೃಶ್ಯದಲ್ಲಿ ಎರಡು ದೋಣಿ ಸದಾ ಇರುತ್ತವೆ. ಒಂದಕ್ಕೆ ಮಾತಿನ ತಲೆ, ಇನ್ನೊಂದಕ್ಕೆ ಬಾಲ. ಹಾಗಾಗಿ ಪ್ರಶ್ನೆ ಒಬ್ಬ ಬೊಂಬೆಗೆ, ಉತ್ತರ ಹತ್ತು ಸೆಕೆಂಡು ಬಿಟ್ಟು ಇನ್ನೊಬ್ಬನಿಗೆ ಕೊಟ್ಟರೆ ಅರ್ಧ ಜನಕ್ಕೆ ಉತ್ತರ ಮೊದಲು ಕೇಳುತ್ತದೆ. ಒಂದೊಂದು ಮಾತೂ ಐದಾರು ಸೆಕೆಂಡಿನಲ್ಲಿ ತಾನೇ ಮುಗಿಯಬೇಕು. ಜಾತ್ರೆಯಲ್ಲಿ ನಡೆಯುವಾಗ ಮಿರ್ಚಿ ಅಂಗಡಿಯವನ ಕೂಗು, ಬಳೆಗಾರನ ಚೌಕಾಶಿ, ತಪ್ಪಿಸಿಕೊಂಡ ಹುಡುಗನ ಅಳು ತುಂಡುತುಂಡಾಗಿ ಕಿವಿಗೆ ಬೀಳುತ್ತವಲ್ಲ, ಯಾವುದೂ ಪೂರ್ತಿ ಕೇಳದೆ ಜಾತ್ರೆ ಪೂರ್ತಿ ತಿಳಿಯುತ್ತದೆ. ಹಾಗೆ. ಎಲ್ಲವೂ ಒಂದೇ ಸಲಕ್ಕೆ ಕೇಳದಿರುವುದು ಒಂದು ರೀತಿಯಲ್ಲಿ ಲಾಭ. ಹತ್ತನೇ ಸಲ ಬಂದವನಿಗೂ ಹೊಸ ಮಾತು ಕೇಳುತ್ತದೆ. ಅಭಿಮಾನಿಯಾಗುವುದೆಂದರೆ ಹತ್ತನೇ ಸಲ ಬರುವುದೇ ತಾನೆ?

ಪಕ್ಕದ ದೃಶ್ಯದ ಸದ್ದು ಈ ದೃಶ್ಯಕ್ಕೆ ಸೋರುವುದು ಸಾಮಾನ್ಯ ರೋಗ. ಸ್ಪೀಕರಿನ ದನಿ ಏರಿಸಿದರೆ ಅದು ಹೆಚ್ಚುತ್ತದೆ. ಕಾಲುವೆಗೆ ಒಂದು ತಿರುವು ಕೊಟ್ಟು, ನಡುವೆ ಐದಾರು ಮೀಟರ್ ಕತ್ತಲ ಸುರಂಗ ಇಟ್ಟು, ಅದರ ಗೋಡೆಗೆ ಸದ್ದು ಹೀರುವ ಹಾಸು ಬಡಿಯುವುದು ಮದ್ದು. ಒಂದು ಸದ್ದು ಮಾತ್ರ ಸೋರಲಿ. ಮುಂದಿನ ದೋಣಿ ಬಿದ್ದಾಗ ಏಳುವ ಕಿರುಚಾಟ. ಕೇಳಬೇಕು, ಕಾಣಬಾರದು. ಅದಕ್ಕೆ ಖರ್ಚೂ ಇಲ್ಲ. ದೋಣಿ ಮೇಲೇರುವಾಗ ಹಿಂದೆ ಜಾರದಂತೆ ಹಿಡಿಯುವ ಕೊಂಡಿಯ ಟಕ್ ಟಕ್ ಸದ್ದೂ ಹೀಗೆಯೇ. ಕೊಂಡಿಗೆ ರಬ್ಬರು ಕೂರಿಸಿ ಅದನ್ನು ಸುಮ್ಮನಾಗಿಸಲು ಬರುತ್ತದೆ. ಅದನ್ನು ಬೇಕಂತಲೇ ಉಳಿಸಿಕೊಳ್ಳುವವರ ಪರ ನಾವು.

ನೀರು ಕೂಡ ರಂಗಸಜ್ಜಿಕೆಯೇ. ಕಾಲುವೆಯ ಆಳ ಅರ್ಧ ಮೀಟರ್ ಇರಬಹುದು, ತಳಕ್ಕೂ ಗೋಡೆಗೂ ಕಪ್ಪು ಬಳಿದರೆ ಅದೇ ತಳವಿಲ್ಲದ ಮಡು. ತಿಳಿನೀಲಿ ಬಳಿದರೆ ಈಜುಕೊಳ. ದೀಪವನ್ನು ನೀರಿಗೆ ನೇರ ಹಿಡಿದರೆ ತಳದ ಪೈಪು, ಹಳಿ, ಬಿದ್ದ ಚಪ್ಪಲಿ ಎಲ್ಲ ಕಾಣುತ್ತವೆ. ಓರೆಯಾಗಿ ದಡದ ಮೇಲೆ ಹಿಡಿದರೆ ದೃಶ್ಯ ನೀರಿನಲ್ಲಿ ಇನ್ನೊಮ್ಮೆ ಮೂಡುತ್ತದೆ, ಅಂದರೆ ಅರ್ಧ ಬೆಲೆಗೆ ಎರಡು ದೃಶ್ಯ. ವಾಸನೆಯನ್ನೂ ಮರೆಯಬೇಡಿ. ಪೈರೇಟ್ಸ್ ಅಭಿಮಾನಿಗಳಿಗೆ ಆ ಸವಾರಿಯ ಹಳಸಲು ವಾಸನೆ ಎಂದರೆ ಪ್ರಾಣ. ಅದು ನೀರು ಶುದ್ಧವಾಗಿಡಲು ಹಾಕುವ ಬ್ರೋಮಿನ್‌ನದು ಎನ್ನುತ್ತಾರೆ. ಬಯಲಿನ ಬಿಸಿಲಿಗೆ ಕ್ಲೋರಿನ್ ಸರಿ, ಸಯನ್ಯೂರಿಕ್ ಆಮ್ಲ ಸೇರಿಸಿದರೆ ಅದು ಬೇಗ ಆರಿಹೋಗುವುದಿಲ್ಲ. ಬ್ರೋಮಿನ್‌ಗೆ ಆ ರಕ್ಷಣೆ ಇಲ್ಲ, ಅದಕ್ಕೆ ಒಳಾಂಗಣವೇ ಮೇಲು.

ಹರಿಗೋಲು ಗೊತ್ತಿರುವವರಿಗೆ ರಾಪಿಡ್ಸ್ ಸವಾರಿ ಬಿಡಿಸಿ ಹೇಳಬೇಕಿಲ್ಲ. ತುಂಗಭದ್ರೆಯ ಹರಿಗೋಲಿನಂತೆಯೇ ದುಂಡು, ಸುತ್ತ ರಬ್ಬರಿನ ಬಳೆ, ಒಳಗೆ ಮುಖಕ್ಕೆ ಮುಖ ಮಾಡಿ ಕೂತ ಜನ. ಇಂಟಾಮಿನ್ ಕಂಪನಿ 1980ರಲ್ಲಿ ಹ್ಯೂಸ್ಟನ್‌ನ ಆಸ್ಟ್ರೋವರ್ಲ್ಡ್‌ನಲ್ಲಿ ಇಂಥ ಮೊದಲನೆಯದನ್ನು ನೀರಿಗಿಳಿಸಿತು. ದಂಡೆಗೆ ತಾಗಿದಾಗೆಲ್ಲ ತಿರುಗುವುದರಿಂದ ಯಾರು ಯಾವ ಕಡೆ ನೋಡುತ್ತಾರೆಂದು ಹೇಳಲಾಗದು. ದೋಣಿಗೆ ಹೊಂದುವ ಸೂಕ್ಷ್ಮ ಬೊಂಬೆಯನ್ನು ಇಲ್ಲಿಟ್ಟರೆ ಅರ್ಧ ಜನರ ಬೆನ್ನಿಗೆ ಪ್ರದರ್ಶನ ಕೊಟ್ಟ ಹಾಗೆ. ಇಲ್ಲಿ ಬಂಡೆ, ಸೇತುವೆ, ಜಲಪಾತದಂಥ ದೊಡ್ಡ ವಸ್ತುಗಳೇ ಬೇಕು, ಎರಡೂ ದಂಡೆಗೆ ಬೇಕು. ಇಲ್ಲಿನ ನಿಜವಾದ ದೃಶ್ಯ ಎದುರು ಕೂತವರ ಮುಖ. ಜಲಪಾತ ಭಾವನ ಕಡೆ ಬರುತ್ತದೋ ನಮ್ಮ ಕಡೆಯೋ ಎಂಬ ಕೊನೇ ಗಳಿಗೆಯ ತಿರುವು.

ಇನ್ನು ಪಂಪಿನ ಮನೆ. ದೋಣಿಗೆ ಮೋಟರ್ ಇರುವುದಿಲ್ಲ, ನೀರೇ ಒಯ್ಯುತ್ತದೆ. 1.2 ಮೀಟರ್ ಅಗಲ, ಅರ್ಧ ಮೀಟರ್ ಆಳ, ಸೆಕೆಂಡಿಗೆ ಒಂದೂವರೆ ಮೀಟರ್ ಹರಿವು ಎಂದರೆ ಸೆಕೆಂಡಿಗೆ 900 ಲೀಟರ್. ಅದನ್ನು 12 ಮೀಟರ್ ಮೇಲಕ್ಕೆ ಎತ್ತಲು ಪಂಪಿನ ದಕ್ಷತೆ ನೂರಕ್ಕೆ 70 ಎಂದು ಹಿಡಿದರೂ ಸುಮಾರು 200 ಎಚ್‌ಪಿ ಬೇಕು. ಹೊಲದ 5 ಎಚ್‌ಪಿ ಮೋಟರ್ 40 ಒಟ್ಟಿಗೆ! ಮೇಲಿನ ಕಾಲುವೆಯನ್ನು ಒಂದು ಮೀಟರ್ ತಗ್ಗಿಸಿದರೂ 16-17 ಎಚ್‌ಪಿ ಉಳಿಯುತ್ತದೆ. ಬೀಳುವ ಎತ್ತರ ಹೆಚ್ಚಿಸುವ ಮೊದಲು ಈ ಲೆಕ್ಕ ಮಾಡಿ.

ಕಾಲುವೆ 400 ಮೀಟರ್ ಇದ್ದರೆ ಅದರಲ್ಲಿ 240 ಘನ ಮೀಟರ್, ಅಂದರೆ 2 ಲಕ್ಷ 40 ಸಾವಿರ ಲೀಟರ್ ನೀರು. ಕರೆಂಟ್ ಹೋಯಿತೆನ್ನಿ, ತಡೆಗೋಡೆ ಇಲ್ಲದಿದ್ದರೆ ಅಷ್ಟೂ ಕೆಳಗಿನ ಹೊಂಡಕ್ಕೆ ಇಳಿಯುತ್ತದೆ. ಹೊಂಡ 600 ಚದರ ಮೀಟರ್ ಇದ್ದರೆ ಮಟ್ಟ 40 ಸೆಂಟಿಮೀಟರ್ ಏರುತ್ತದೆ. ಇಲ್ಲಿ ಎಲ್ಲರೂ ಮಾಡುವ ಒಂದು ತಪ್ಪಿದೆ. ಸವಾರಿ ನಡೆಯುವಾಗ ಹೊಂಡ ತಗ್ಗಿದ್ದನ್ನು ಕಂಡು ಯಾರೋ ನಲ್ಲಿ ತಿರುಗಿಸಿ ಭರ್ತಿ ಮಾಡುತ್ತಾರೆ. ಸಂಜೆ ಪಂಪು ನಿಲ್ಲಿಸಿದಾಗ ಹೊಂಡ ಕೋಡಿ ಬಿದ್ದು ನಿಲ್ದಾಣವೆಲ್ಲ ನೀರು. ಗೋಡೆಗೆ ಎರಡು ಗೆರೆ ಎಳೆಯಿರಿ, ಪಂಪು ನಡೆಯುವಾಗಿನ ಮಟ್ಟಕ್ಕೊಂದು, ನಿಂತಾಗಿನ ಮಟ್ಟಕ್ಕೊಂದು.

ಮಟ್ಟ ಇಳಿಯುವುದು ಏರುವುದಕ್ಕಿಂತ ಅಪಾಯ. ಎಲೆ, ಪ್ಲಾಸ್ಟಿಕ್ಕು ಪಂಪಿನ ಜಾಲರಿಗೆ ಕಟ್ಟಿಕೊಂಡರೆ ಹರಿವು ಕುಗ್ಗಿ ದೋಣಿ ತಳ ತಾಗುತ್ತದೆ. ಆಸ್ಟ್ರೇಲಿಯಾದ ಡ್ರೀಮ್‌ವರ್ಲ್ಡ್‌ನಲ್ಲಿ 2016ರ ಅಕ್ಟೋಬರ್ 25ರಂದು ರಾಪಿಡ್ಸ್ ಸವಾರಿಯ ಪಂಪು ನಿಂತಿತು. ನೀರು ಇಳಿದು ಒಂದು ದುಂಡು ದೋಣಿ, ದೋಣಿ ಸಾಗಿಸುವ ಕನ್ವೇಯರಿನ ಬಳಿ ಹಳಿಯ ಮೇಲೆ ಸಿಕ್ಕಿಕೊಂಡಿತು. ಕನ್ವೇಯರು ಮಾತ್ರ ಓಡುತ್ತಲೇ ಇತ್ತು. ಹಿಂದಿನಿಂದ ಬಂದ ದೋಣಿ ಬಡಿದು ನಾಲ್ವರು ಸತ್ತರು. ಮಟ್ಟ ಇಳಿದ ಕೂಡಲೇ ಕನ್ವೇಯರನ್ನು ತಾನಾಗಿ ನಿಲ್ಲಿಸುವ ಸಂವೇದಕ ಅಲ್ಲಿರಲಿಲ್ಲ. ವಿದ್ಯಾರ್ಥಿಗಳು ಇದನ್ನು ಬರೆದುಕೊಳ್ಳಿ: ಮಟ್ಟ ಅಳೆಯುವ ಸಂವೇದಕ ಎರಡು, ಪಂಪಿನ ಹರಿವು ಅಳೆಯುವುದು ಒಂದು. ಯಾವುದು ತಪ್ಪಿದರೂ ಬೆಲ್ಟು, ಕನ್ವೇಯರು, ದೋಣಿ ಬಿಡುವ ಗೇಟು ಮೂರೂ ಒಟ್ಟಿಗೆ ನಿಲ್ಲಬೇಕು. ಆಪರೇಟರಿನ ಕಣ್ಣಿಗೆ ಬಿಡುವ ಕೆಲಸ ಇದಲ್ಲ.

ನಮ್ಮ ಭಾಗದಲ್ಲಿ ನೀರಿನ ಪ್ರಶ್ನೆ ಬಂದೇ ಬರುತ್ತದೆ, ಬರಬೇಕು ಕೂಡ. ಹೊಂಡ, ಕಾಲುವೆ ಸೇರಿ 1,000 ಚದರ ಮೀಟರ್ ನೀರು ಬಿಸಿಲಿಗೆ ತೆರೆದಿದೆ, ಏಪ್ರಿಲ್ ಬಿಸಿಲು ದಿನಕ್ಕೆ 7 ಮಿಲಿಮೀಟರ್ ಕುಡಿಯುತ್ತದೆ ಎಂದಿಟ್ಟುಕೊಂಡರೆ 7,000 ಲೀಟರ್. 5,000 ಜನ ತಲಾ ಒಂದು ಲೀಟರನ್ನು ಬಟ್ಟೆಯಲ್ಲಿ ಹೊತ್ತೊಯ್ದರೆ ಇನ್ನೊಂದು 5,000. ದಿನಕ್ಕೆ ಎರಡು ಟ್ಯಾಂಕರ್. ಮಲಪ್ರಭೆಯ ನೀರಿಗೆ ಕೊಡ ಹಿಡಿದು ಕಾದವರ ಊರಿನಲ್ಲಿ ಅದನ್ನು ಆಟಕ್ಕೆ ಸುರಿಯುವುದು ಸರಿಯಲ್ಲ. ಕಟ್ಟಡದ ಚಾವಣಿ 2,000 ಚದರ ಮೀಟರ್, ವರ್ಷಕ್ಕೆ 700 ಮಿಲಿಮೀಟರ್ ಮಳೆ, ಐದರಲ್ಲಿ ನಾಲ್ಕು ಪಾಲು ಹಿಡಿದರೂ 11 ಲಕ್ಷ ಲೀಟರ್ ಸಿಗುತ್ತದೆ. ಮೂರು ತಿಂಗಳ ಖರ್ಚು ಅದರಲ್ಲೇ ಕಳೆಯಬಹುದು. ಬೋರ್‌ವೆಲ್ಲಿನ ಸವಳು ನೀರು ಅಗ್ಗ ಅನ್ನಿಸುತ್ತದೆ. ಆದರೆ ತುಂತುರು ಬಿದ್ದಲ್ಲೆಲ್ಲ ಬಿಳಿ ಪೊರೆ ಕಟ್ಟಿ, ಕರಿಬಂಡೆ ಕೆಲವೇ ತಿಂಗಳಲ್ಲಿ ಸುಣ್ಣ ಬಳಿದ ಗೋಡೆಯಂತಾಗುತ್ತದೆ. ನಾಜಲುಗಳು ಮುಚ್ಚಿಹೋಗುತ್ತವೆ. ಕಡೇಪಕ್ಷ ತುಂತುರಿಗೆ, ಜಲಪಾತಕ್ಕೆ ಮೆದು ನೀರು ಬಳಸಬೇಕು.

ಇಲ್ಲಿ ಕಟ್ಟುವುದಾದರೆ ಕಡಲ್ಗಳ್ಳರನ್ನು ಹುಬ್ಬಳ್ಳಿಗೆ ಕರೆತರುವುದು ಬೇಡ ಎಂಬುದು ನಮ್ಮ ಅಭಿಪ್ರಾಯ. ಕೆರೆ, ತೂಬು, ಕೋಡಿ ನಮ್ಮವೇ ಇವೆ. ನೂರೊಂದು ಗುಡಿ, ನೂರೊಂದು ಬಾವಿ ಎಂದು ಜನ ಹೇಳುವ ಲಕ್ಕುಂಡಿಯ ಮೆಟ್ಟಿಲು ಬಾವಿಗಳ ಕತ್ತಲೆ ಇದೆ. ತೂಬಿನೊಳಗೆ ದೋಣಿ ಸೆಳೆದುಹೋಯಿತು ಎಂದರೆ ಬೀಳಲು ಬೇರೆ ಕಾರಣ ಹೇಳಬೇಕಿಲ್ಲ, ನಮ್ಮ ಕಡೆ ಮಗುವಿಗೂ ತಿಳಿಯುತ್ತದೆ. ಬಾವಿಯ ಆಕಾರ ತೆಗೆದುಕೊಳ್ಳಿ, ದೇವರ ಮೂರ್ತಿ ಮಾತ್ರ ಇಡಬೇಡಿ. ಕೈಮುಗಿಯಲು ಕೈ ಎತ್ತಿದವರು ಹಿಡಿಕೆ ಬಿಟ್ಟಿರುತ್ತಾರೆ.

ಕೊನೆಗೆ ಸಭೆಯಿಂದ ಬಂದ ಪ್ರಶ್ನೆ: ತೊಯ್ಯಬಾರದು ಅಂದರೆ ಯಾವ ಸೀಟು ಹಿಡಿಯಬೇಕು? ರಾಪಿಡ್ಸ್‌ನಲ್ಲಿ ಅದು ಯಾರ ಕೈಯಲ್ಲೂ ಇಲ್ಲ. ಧುಮುಕುವ ದೋಣಿಯಲ್ಲಿ ಮೂತಿಯ ಆಕಾರ, ಒಳಗಿನ ಭಾರ, ಕೆಳಗಿನ ನೀರಿನ ಆಳ ಇದನ್ನು ನಿರ್ಧರಿಸುತ್ತವೆ. ಸಾಮಾನ್ಯವಾಗಿ ಮುಂದಿನ ಸಾಲು ಹೆಚ್ಚು ತೊಯ್ಯುತ್ತದೆ. ಆದರೆ ಮೂತಿ ಅಗಲವಾಗಿದ್ದು ನೀರನ್ನು ಮೇಲಕ್ಕೆ ಚಿಮ್ಮಿಸುವಂತಿದ್ದರೆ ಅದು ಮುಂದಿನವರನ್ನು ದಾಟಿ ಹಿಂದಿನವರ ತಲೆ ಮೇಲೆ ಬೀಳುತ್ತದೆ. ಹೊಟ್ಟೆಯೊಳಗೆ ಜುಮ್ ಅನ್ನಬೇಕಿದ್ದರೆ ಹಿಂದಿನ ಸಾಲೇ ಸರಿ, ಅಂಚು ದಾಟುವ ಹೊತ್ತಿಗೆ ದೋಣಿ ಆಗಲೇ ವೇಗ ಹಿಡಿದಿರುತ್ತದೆ. ಸಾಲಿಗೆ ನಿಲ್ಲುವ ಮೊದಲು ಸೇತುವೆಯ ಮೇಲೆ ನಿಂತು ಮೂರು ದೋಣಿ ಬೀಳುವುದನ್ನು ನೋಡಿ, ಇಳಿದು ಬಂದವರಲ್ಲಿ ಯಾರ ಎದೆ ತೊಯ್ದಿದೆ, ಯಾರ ಬೆನ್ನು ತೊಯ್ದಿದೆ ಗಮನಿಸಿ. ಸೇತುವೆಯ ಕಟ್ಟೆ ಒದ್ದೆಯಾಗಿದ್ದರೆ ನಿಂತಲ್ಲೇ ನಾಲ್ಕು ಹೆಜ್ಜೆ ಹಿಂದೆ ಸರಿಯಿರಿ.